ರೊಕ್ಕ ಮೊದಲೋ, ದಫ್ತರ ಮೊದಲೋ?

ಮದ್ದೂರು ಅಂದ ಕೂಡಲೇ ಬೆಂಗಳೂರು ಕಡೆಯ ಗೆಳೆಯರಿಗೆ ವಡೆ ನೆನಪಾಗುತ್ತದೆ. ಅದು ಮಂಡ್ಯದ ಮದ್ದೂರು. ನಮ್ಮದು ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯ ಮದ್ದೂರು. ಒಂದು ಕಡೆ ಕೋಸಗಿ, ಇನ್ನೊಂದು ಕಡೆ ಕೊಡಂಗಲ್, ಪಶ್ಚಿಮಕ್ಕೆ ಹೊರಟರೆ ಗುರುಮಠಕಲ್, ಅಲ್ಲಿಂದ ಕರ್ನಾಟಕ. ಇಲ್ಲಿಯೂ ವಡೆ ಸಿಗುತ್ತದೆ, ಹೆಸರುವಾಸಿಯಲ್ಲ ಅಷ್ಟೆ.

ನಾನು ಗಡಿ ಸೀಮೆಯ ಕನ್ನಡ ಮಾಧ್ಯಮದ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಡುವ ಮಾಸ್ತರ. ಪ್ರತಿ ವರ್ಷ ಜೂನ್ ತಿಂಗಳಲ್ಲಿ ಹೊಸ ಹಾಜರಿ ಪುಸ್ತಕ ಬರೆಯುವಾಗ ನನಗೆ ಒಂದು ವಿಚಾರ ಹೊಳೆಯುತ್ತದೆ. ನಮ್ಮ ಕಡೆಯ ಹಾಜರಿ ಪುಸ್ತಕ ಅಂದರೆ ಹಳೆಯ ಸರ್ಕಾರದ ನೌಕರರ ಪಟ್ಟಿ ಇದ್ದ ಹಾಗೆ. ದೇಶಮುಖ, ದೇಶಪಾಂಡೆ, ನಾಡಗೌಡ, ಕುಲಕರ್ಣಿ, ಮಾಲಿಪಾಟೀಲ, ಪೊಲೀಸ್ ಪಾಟೀಲ, ಇನಾಮದಾರ, ಜಾಗೀರದಾರ, ತಳವಾರ, ವಾಲಿಕಾರ... ಬೇರೆ ಕಡೆ ಊರಿನಿಂದಲೋ ಕಸುಬಿನಿಂದಲೋ ಮನೆತನದ ಹೆಸರು ಬಂದರೆ, ನಮ್ಮಲ್ಲಿ ಅರ್ಧಕ್ಕರ್ಧ ಹುದ್ದೆಯಿಂದ ಬಂದಿವೆ. ಹುದ್ದೆ ಹೋಗಿ ಎಷ್ಟೋ ವರ್ಷ ಆಯಿತು, ಹೆಸರು ಮಾತ್ರ ಉಳಿದುಕೊಂಡಿದೆ.

ಒಂದು ದಿನ ಇದನ್ನೇ ತರಗತಿಯಲ್ಲಿ ಹೇಳುತ್ತಿದ್ದೆ. ಪೊಲೀಸ್ ಪಾಟೀಲ ಎಂಬ ಹೆಸರಿನ ಹುಡುಗನೊಬ್ಬ ಇದ್ದಾನೆ. ಅವನ ಅಪ್ಪ ಬಾಡಿಗೆಗೆ ಆಟೋ ಓಡಿಸುತ್ತಾರೆ. ಅವನು ಎದ್ದು ನಿಂತು ಕೇಳಿದ: "ಸರ್, ರೊಕ್ಕ ಇದ್ದವ್ರು ಪಾಟೀಲ್ರು ಆಗತಿದ್ರೋ, ಪಾಟೀಲ್ರು ಆದವ್ರಿಗೆ ರೊಕ್ಕ ಬರತಿತ್ತೋ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಪಾಠದ ಪುಸ್ತಕದಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ದುಡ್ಡೇ ದೊಡ್ಡಪ್ಪ ಅನ್ನುವ ಗಾದೆ ಎಲ್ಲರಿಗೂ ಗೊತ್ತು. ನಮ್ಮ ಸೀಮೆಯ ಇತಿಹಾಸ ನೋಡಿದರೆ ಆ ದೊಡ್ಡಪ್ಪನಿಗೂ ಒಬ್ಬ ಅಪ್ಪ ಇದ್ದ ಅನ್ನಿಸುತ್ತದೆ. ಅವನ ಹೆಸರು ದಫ್ತರ. ಭೂಮಿ ಯಾರದು, ಕಂದಾಯ ಎಷ್ಟು, ಬಾಕಿ ಯಾರ ಮೇಲೆ ಎಂದು ಬರೆದಿಡುವ ಪುಸ್ತಕ, ಮತ್ತು ಅದನ್ನು ಬರೆಯುವ ಕೈ. ಈ ಸಲ ಅದರ ಬಗ್ಗೆ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ನಾವು ಎಲ್ಲಿದ್ದೆವು ಅನ್ನುವುದನ್ನು ಹೇಳಿಬಿಡುತ್ತೇನೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಡಂಗಲ್ ಮತ್ತು ತಾಂಡೂರು ತಾಲೂಕುಗಳು ಗುಲ್ಬರ್ಗ ಜಿಲ್ಲೆಯಲ್ಲಿದ್ದವು. ಗದ್ವಾಲ ಮತ್ತು ಆಲಂಪುರ ರಾಯಚೂರು ಜಿಲ್ಲೆಯಲ್ಲಿದ್ದವು. ಎಲ್ಲಕ್ಕೂ ಮೇಲೆ ಹೈದರಾಬಾದಿನ ನಿಜಾಮ. 1937ರ ಫೆಬ್ರವರಿಯಲ್ಲಿ ಅಮೆರಿಕದ ಟೈಮ್ ಪತ್ರಿಕೆ ತನ್ನ ಮುಖಪುಟದಲ್ಲಿ ಏಳನೆಯ ನಿಜಾಮ ಉಸ್ಮಾನ್ ಅಲಿ ಖಾನರ ಚಿತ್ರ ಹಾಕಿ ಜಗತ್ತಿನ ಅತಿ ದೊಡ್ಡ ಶ್ರೀಮಂತ ಎಂದು ಬರೆಯಿತು. ಅವರು ವ್ಯಾಪಾರ ಮಾಡಿದವರಲ್ಲ, ಕಾರ್ಖಾನೆ ನಡೆಸಿ ಗಳಿಸಿದವರೂ ಅಲ್ಲ. ಹಾಗಾದರೆ ಅಷ್ಟು ಐಶ್ವರ್ಯ ಎಲ್ಲಿಂದ ಬಂತು?

ಸಂಸ್ಥಾನದ ಭೂಮಿಯನ್ನು ಮೂರು ಪಾಲು ಮಾಡಿದ್ದರು. ಕಮ್ಯುನಿಸ್ಟ್ ನಾಯಕ ಪಿ. ಸುಂದರಯ್ಯನವರು ಕೊಡುವ ಲೆಕ್ಕದಂತೆ ಒಟ್ಟು ಸುಮಾರು 5 ಕೋಟಿ 30 ಲಕ್ಷ ಎಕರೆ. ಅದರಲ್ಲಿ ಶೇ. 60ರಷ್ಟು ದಿವಾನಿ, ಅಂದರೆ ಸರ್ಕಾರ ನೇರವಾಗಿ ಕಂದಾಯ ಎತ್ತುವ ಭೂಮಿ. ಶೇ. 30ರಷ್ಟು ಜಾಗೀರು. ಉಳಿದ ಶೇ. 10 ಸರ್ಫ್-ಎ-ಖಾಸ್, ನಿಜಾಮರ ಸ್ವಂತ ಖರ್ಚಿಗೆ ಬಿಟ್ಟ ಭೂಮಿ. ಜಗತ್ತಿನ ಅತಿ ದೊಡ್ಡ ಶ್ರೀಮಂತನ ಹಣದ ಮೂಲ ಇಷ್ಟೆ. ಯಾರೋ ಉತ್ತರು, ಯಾರೋ ಬಿತ್ತಿದರು. ಇವರ ಹೆಸರಿಗೆ ಬರೆದಿತ್ತು.

ಮೇಲಿನದು ಹಾಗಿರಲಿ, ಕೆಳಗೆ ಬನ್ನಿ. ನಮ್ಮ ಹಳ್ಳಿಗಳಿಗೆ ನಿಜಾಮ ಎಂದೂ ಬಂದವರಲ್ಲ. ಬಂದವರು ದೇಶಮುಖರು, ದೇಶಪಾಂಡೆಗಳು. ಬಹಮನಿ, ಆದಿಲಶಾಹಿ ಕಾಲದಿಂದಲೂ ಇದ್ದ ಹುದ್ದೆಗಳಿವು. ದೇಶಮುಖ ಒಂದು ಪರಗಣೆಯ ಕಂದಾಯ ಎತ್ತಬೇಕು. ದೇಶಪಾಂಡೆ ಅದರ ಲೆಕ್ಕ ಬರೆಯಬೇಕು. ಪ್ರತಿ ಹಳ್ಳಿಯಲ್ಲಿ ಅದರದೇ ಸಣ್ಣ ರೂಪ: ಕಂದಾಯ ಎತ್ತಲು ಮಾಲಿ ಪಾಟೀಲ, ಠಾಣೆಯ ಕೆಲಸಕ್ಕೆ ಪೊಲೀಸ್ ಪಾಟೀಲ, ಲೆಕ್ಕಕ್ಕೆ ಕುಲಕರ್ಣಿ ಅಥವಾ ಪಟ್ವಾರಿ. ಎಲ್ಲವೂ ವಂಶಪಾರಂಪರ್ಯ. ಅಪ್ಪನ ಹುದ್ದೆ ಮಗನಿಗೆ. ಅದಕ್ಕೆ ವತನ ಅನ್ನುತ್ತಿದ್ದರು.

ಹತ್ತೊಂಬತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಇದರ ಮೇಲೆ ಇನ್ನೊಂದು ಪೀಡೆ ಬಂದು ಕುಳಿತಿತು, ಇಜಾರೆ. ಸರ್ಕಾರಕ್ಕೆ ಹಣದ ಅವಸರ. ಒಂದು ತಾಲೂಕಿನ ಕಂದಾಯವನ್ನು ಹರಾಜು ಹಾಕಿದ ಹಾಗೆ ಯಾರು ಹೆಚ್ಚು ಕೊಡುತ್ತಾರೋ ಅವರಿಗೆ ಕೊಡುವುದು. ತೆಗೆದುಕೊಂಡವನು ಸಾಹುಕಾರನಿಂದ ಸಾಲ ತಂದು ಮುಂಗಡ ಕಟ್ಟುವನು. ಅರಬ್ಬರನ್ನೋ ರೋಹಿಲರನ್ನೋ ಕರೆದುಕೊಂಡು ಹಳ್ಳಿಗೆ ಇಳಿಯುವನು. ಮುಂದಿನ ವರ್ಷ ಅವನಿಗಿಂತ ಹೆಚ್ಚು ಕೊಡುವವನು ಬಂದರೆ ಇವನ ಅಧಿಕಾರ ಹೋಯಿತು. ಹಾಗಾಗಿ ಇರುವ ಒಂದೆರಡು ವರ್ಷದಲ್ಲೇ ಹಿಂಡಿಕೊಳ್ಳಬೇಕು. ಎಷ್ಟು ಹಿಂಡಬಹುದು ಎಂದು ಅವನಿಗೆ ಹೇಳುವವರು ಯಾರು? ಊರಿನ ಲೆಕ್ಕ ಬಲ್ಲವರು. ಹೊರಗಿನಿಂದ ಬಂದ ಇಜಾರದಾರನಿಗೆ ದೇಶಪಾಂಡೆಯ ಪುಸ್ತಕ ಇಲ್ಲದೆ ಯಾವ ಹೊಲ ಯಾರದೆಂದೇ ತಿಳಿಯದು. ಇಜಾರದಾರರು ಬಂದರು, ಹೋದರು. ಪುಸ್ತಕ ಇದ್ದವರು ಅಲ್ಲೇ ಉಳಿದರು.

1853ರಲ್ಲಿ ಇಪ್ಪತ್ತನಾಲ್ಕು ವರ್ಷದ ಹುಡುಗ ದಿವಾನನಾದ. ಮೊದಲನೆಯ ಸಾಲಾರ್ ಜಂಗ್. ಆ ವರ್ಷವೇ ಬ್ರಿಟಿಷರ ಸೈನ್ಯದ ಬಾಕಿಗಾಗಿ ಬೇರಾರ್, ರಾಯಚೂರು ದೋಆಬ, ನಳದುರ್ಗದ ಸೀಮೆ ಎಲ್ಲ ಅವರ ಕೈಗೆ ಹೋಗಿದ್ದವು. ದೋಆಬ ಮತ್ತು ನಳದುರ್ಗ 1860ರಲ್ಲಿ ಮರಳಿ ಬಂದವು, ಬೇರಾರ್ ಬರಲಿಲ್ಲ. ಖಜಾನೆ ಬರಿದು. ಸಾಲಾರ್ ಜಂಗ್ ದೊಡ್ಡ ಕೆಲಸ ಮಾಡಿದರು, ಅದರಲ್ಲಿ ಎರಡು ಮಾತಿಲ್ಲ. ಇಜಾರೆ ಪದ್ಧತಿಯನ್ನು ಕಿತ್ತು ಹಾಕಿದರು. 1865ರಲ್ಲಿ ಜಿಲ್ಲಾಬಂದಿ ತಂದು ಸಂಸ್ಥಾನವನ್ನು ಜಿಲ್ಲೆ, ತಾಲೂಕುಗಳಾಗಿ ಹಂಚಿದರು. ಸಂಬಳದ ಅಧಿಕಾರಿಗಳನ್ನು ಇಟ್ಟರು. ಇನ್ನು ಮೇಲೆ ರೈತ ಕಂದಾಯವನ್ನು ನೇರವಾಗಿ ಸರ್ಕಾರಕ್ಕೆ ಕಟ್ಟಬೇಕು.

ಹಾಗಾದರೆ ದೇಶಮುಖ, ದೇಶಪಾಂಡೆಗಳ ಕೆಲಸ ಹೋಯಿತಲ್ಲ? ಹೋಯಿತು. ಆದರೆ ಬರಿಗೈಯಲ್ಲಿ ಕಳಿಸಲಿಲ್ಲ. ಅವರಿಗೆ ರುಸುಂ ಎಂದು ಕಂದಾಯದಲ್ಲಿ ಒಂದಿಷ್ಟು ಪಾಲನ್ನು ವಂಶಪಾರಂಪರ್ಯವಾಗಿ ಕೊಟ್ಟರು. ಕೆಲಸ ಮಾಡದೆ ಬರುವ ಪಗಾರ ಅನ್ನಿ. ಅದಕ್ಕಿಂತ ಮುಖ್ಯವಾದದ್ದು ಮುಂದೆ ನಡೆಯಿತು. 1870ರ ದಶಕದಿಂದ ಭೂಮಾಪನ ಶುರುವಾಯಿತು. ಸರಪಳಿ ಹಿಡಿದ ಸರ್ವೆಯವರು ಹೊಲಕ್ಕೆ ಬಂದು, ಇದು ಯಾರದು ಎಂದು ಕೇಳಿದಾಗ ಉತ್ತರ ಹೇಳುವ ಅಧಿಕಾರ ಯಾರಿಗಿತ್ತು? ತಲೆಮಾರಿನಿಂದ ಪುಸ್ತಕ ಇಟ್ಟವರಿಗೆ. ನೀರಿನ ಹತ್ತಿರದ ಎರೆಹೊಲ, ಕೆರೆಯ ಕೆಳಗಿನ ಗದ್ದೆ, ಯಾರ ಹೆಸರೂ ಇಲ್ಲದ ಬೀಳು, ಬಾಕಿಗೆ ಬಿಟ್ಟು ಓಡಿಹೋದ ರೈತನ ಹೊಲ, ಹೀಗೆ ಸಾವಿರಾರು ಎಕರೆ ಅವರ ಹೆಸರಿಗೆ ಪಟ್ಟಾ ಆಯಿತು. ಅಲ್ಲಿಯವರೆಗೆ ಕಂದಾಯ ಎತ್ತುವ ಅಧಿಕಾರ ಇದ್ದವರು ಈಗ ಭೂಮಿಯ ಒಡೆಯರಾದರು. ಹುಡುಗನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ನಮ್ಮ ಕಡೆ ರೊಕ್ಕ ಅಧಿಕಾರವನ್ನು ಕೊಂಡದ್ದಕ್ಕಿಂತ ಅಧಿಕಾರ ರೊಕ್ಕವಾಗಿ ಮಾರ್ಪಟ್ಟದ್ದೇ ಹೆಚ್ಚು.

ಇನ್ನೊಂದು ಮಾತು. ಆ ಕಾಗದಗಳ ಭಾಷೆ ಮೊದಲು ಫಾರ್ಸಿ, 1880ರ ದಶಕದಿಂದ ಉರ್ದು. ಉಳುವವನ ಭಾಷೆ ಕನ್ನಡ ಅಥವಾ ತೆಲುಗು. ತನ್ನ ಹೊಲದ ಬಗ್ಗೆ ಏನು ಬರೆದಿದೆ ಎಂದು ತಿಳಿಯಲು ಬರೆದವನನ್ನೇ ಕೇಳಬೇಕಿತ್ತು.

ಅಂದ ಹಾಗೆ, ಇಜಾರೆ ಅಳಿಸಿದ ಸಾಲಾರ್ ಜಂಗರ ಮನೆತನವೂ ದೊಡ್ಡ ಜಾಗೀರದಾರ ಮನೆತನವೇ. ಅವರ ಜಾಗೀರು ಎಲ್ಲಿತ್ತು ಗೊತ್ತೇ? ಕೊಪ್ಪಳ, ಯಲಬುರ್ಗಾ, ಅಜಂತಾ... ಮತ್ತು ನಮ್ಮ ಮದ್ದೂರಿನ ಪಕ್ಕದ ಕೋಸಗಿ. ಗುಲ್ಬರ್ಗ ಜಿಲ್ಲೆಯ ನಡುವೆ ಇದ್ದರೂ ಕೋಸಗಿಯ ಕಂದಾಯ ಜಿಲ್ಲೆಯ ಖಜಾನೆಗೆ ಹೋಗುತ್ತಿರಲಿಲ್ಲ, ದಿವಾನರ ಮನೆಗೆ ಹೋಗುತ್ತಿತ್ತು.

ಕೆಲವು ವರ್ಷಗಳ ಹಿಂದೆ ಮಕ್ಕಳನ್ನು ಹೈದರಾಬಾದಿಗೆ ಪ್ರವಾಸ ಕರೆದುಕೊಂಡು ಹೋಗಿದ್ದೆವು. ಸಾಲಾರ್ ಜಂಗ್ ವಸ್ತುಸಂಗ್ರಹಾಲಯ ನೋಡದೆ ಬರುವುದುಂಟೇ! ಅಲ್ಲಿ ಒಂದು ಗಡಿಯಾರವಿದೆ. ಪ್ರತಿ ಗಂಟೆಗೆ ಒಳಗಿನಿಂದ ಪುಟ್ಟ ಮನುಷ್ಯ ಹೊರಬಂದು ಗಂಟೆ ಬಾರಿಸುತ್ತಾನೆ. ಅದನ್ನು ನೋಡಲು ಮಕ್ಕಳು ಹದಿನೈದು ನಿಮಿಷ ಮುಂಚೆಯೇ ಬೆಂಚು ಹಿಡಿದು ಕೂತಿದ್ದರು. ಇನ್ನೊಂದು ಕೋಣೆಯಲ್ಲಿ ಮುಸುಕು ಹಾಕಿದ ರೆಬೆಕ್ಕಾಳ ವಿಗ್ರಹ. ಇಟಲಿಯ ಬೆಂಜೋನಿ ಎಂಬ ಶಿಲ್ಪಿ ಕಡೆದದ್ದು. 1876ರಲ್ಲಿ ಮೊದಲನೆಯ ಸಾಲಾರ್ ಜಂಗ್ ಯುರೋಪಿಗೆ ಹೋದಾಗ ರೋಮಿನಲ್ಲಿ ಕೊಂಡು ತಂದರು. ಕಲ್ಲಿನಲ್ಲಿ ಮಾಡಿದ ಮುಸುಕಿನ ಹಿಂದೆ ಮುಖ ಕಾಣುತ್ತದೆ. ಒಬ್ಬ ಹುಡುಗಿ ಬಹಳ ಹೊತ್ತು ನಿಂತು ನೋಡಿ, ಇದಕ್ಕೆ ಎಷ್ಟು ರೊಕ್ಕ ಆಗಿರಬೇಕು ಸರ್, ಅಂದಳು. ಅವಳ ಊರು ಕೋಸಗಿಯ ಹತ್ತಿರ. ನಿಮ್ಮ ಮುತ್ತಜ್ಜನ ಅಪ್ಪನನ್ನು ಕೇಳಬೇಕಿತ್ತವ್ವಾ, ಅಂದೆ. ಅವಳಿಗೆ ಅರ್ಥವಾಗಲಿಲ್ಲ. ಊಟದ ಹೊತ್ತಿನಲ್ಲಿ ಎಲ್ಲರನ್ನೂ ಕೂರಿಸಿ ಕೋಸಗಿ ಜಾಗೀರಿನ ಕಥೆ ಹೇಳಿದೆ. ಆ ಸಂಗ್ರಹದ ಬಹುಪಾಲು ಮೂರನೆಯ ಸಾಲಾರ್ ಜಂಗ್ ಕೂಡಿಸಿದ್ದು. ಅವರು 1949ರಲ್ಲಿ ತೀರಿಕೊಂಡ ಮೇಲೆ, 1951ರಲ್ಲಿ ನೆಹರೂ ಅವರು ಅದನ್ನು ಸಾರ್ವಜನಿಕರಿಗೆ ತೆರೆದರು. ಈಗ ಟಿಕೆಟ್ ತೆಗೆಸಿದರೆ ಯಾರು ಬೇಕಾದರೂ ನೋಡಬಹುದು. ಕೋಸಗಿಯ, ಕೊಪ್ಪಳದ ಜೋಳ ಅಲ್ಲಿ ಅಮೃತಶಿಲೆಯಾಗಿ ನಿಂತಿದೆ ಎಂದು ನಾನು ಹೇಳಿದರೆ ಕಲೆಗೆ ಅವಮಾನ ಮಾಡಿದ ಹಾಗಲ್ಲ. ಅದೂ ನಿಜ, ಇದೂ ನಿಜ.

ಬರೀ ರೊಕ್ಕದಿಂದ ಅಧಿಕಾರ ಕೊಳ್ಳಲು ಹೋದವರೇ ಇಲ್ಲವೇ? ಇದ್ದರು. ಹಳ್ಳಿಯಲ್ಲಿ ಅಲ್ಲ, ಹೈದರಾಬಾದಿನಲ್ಲಿ. ವಿಲಿಯಂ ಪಾಮರ್ ಎಂಬ ಸಾಹೇಬ ಇದ್ದ. ಅಪ್ಪ ಕಂಪನಿಯ ಜನರಲ್, ತಾಯಿ ಉತ್ತರದ ಬೇಗಂ. ಸೈನ್ಯ ಬಿಟ್ಟು ಸುಮಾರು 1814ರಲ್ಲಿ ಪಾಮರ್ ಆ್ಯಂಡ್ ಕಂಪನಿ ಎಂಬ ಕೋಠಿ ತೆರೆದ. ನಿಜಾಮರ ಸರ್ಕಾರಕ್ಕೆ ನೂರಕ್ಕೆ ಇಪ್ಪತ್ತನಾಲ್ಕು, ಇಪ್ಪತ್ತೈದರ ಬಡ್ಡಿಯಲ್ಲಿ ಸಾಲ. ಅದಕ್ಕೆ ಅಡವಾಗಿ ಜಿಲ್ಲೆಗಳ ಕಂದಾಯ. ಆಗಿನ ಆಡಳಿತ ಚಂದೂಲಾಲನ ಕೈಯಲ್ಲಿತ್ತು. ಯುರೋಪಿಯನ್ನರು ದೇಶೀ ರಾಜರಿಗೆ ಸಾಲ ಕೊಡಬಾರದು ಎಂಬ ಕಾನೂನು ಇತ್ತು. ಆದರೆ 1816ರಲ್ಲಿ ಗವರ್ನರ್ ಜನರಲ್ ಇವರಿಗೆ ಮಾತ್ರ ವಿನಾಯಿತಿ ಕೊಟ್ಟ. ಕೋಠಿಯ ಪಾಲುದಾರ ರಂಬೋಲ್ಡ್ ಮದುವೆಯಾಗಿದ್ದದ್ದು ಅದೇ ಗವರ್ನರ್ ಜನರಲ್ ಸಾಕಿ ಬೆಳೆಸಿದ ಹುಡುಗಿಯನ್ನು! 1820ರಲ್ಲಿ 60 ಲಕ್ಷ ರೂಪಾಯಿಯ ದೊಡ್ಡ ಸಾಲ ಆಯಿತು. ಹೊಸ ರೆಸಿಡೆಂಟ್ ಮೆಟ್ಕಾಫ್ ಬಂದು ಲೆಕ್ಕ ಬಿಚ್ಚಿ ನೋಡಿದರೆ ಅದರಲ್ಲಿ ಹಳೆ ಸಾಲದ ಬಡ್ಡಿ, ಇನಾಮು ಎಲ್ಲ ಸೇರಿಸಿ ಉಬ್ಬಿಸಿದ್ದೇ ಬಹಳ. ಕೊನೆಗೆ ಕಂಪನಿ ಸರ್ಕಾರವೇ ಸಾಲ ತೀರಿಸಲು ಹಣ ಕೊಟ್ಟಿತು. ಅದಕ್ಕೆ ಬದಲಾಗಿ ಕರಾವಳಿಯ ಉತ್ತರ ಸರ್ಕಾರಗಳಿಗಾಗಿ ತಾನು ನಿಜಾಮರಿಗೆ ವರ್ಷಕ್ಕೆ 7 ಲಕ್ಷ ಕೊಡಬೇಕಿದ್ದ ಪೇಶ್‌ಕಷ್ ಅನ್ನು ಒಂದೇ ಇಡಿಗಂಟಿನಲ್ಲಿ ಶಾಶ್ವತವಾಗಿ ಮುಗಿಸಿಕೊಂಡಿತು. ವಿನಾಯಿತಿ ಹೋಯಿತು. 1824ರಲ್ಲಿ ಪಾಮರ್ ಕೋಠಿ ದಿವಾಳಿ.

ಈ ಕಥೆ ನನಗೆ ಯಾಕೆ ಇಷ್ಟ ಅಂದರೆ, ಇಡೀ ಸಂಸ್ಥಾನವನ್ನೇ ಅಡವು ಇಟ್ಟುಕೊಂಡಂತಿದ್ದ ಕೋಠಿ ಒಬ್ಬ ಅಧಿಕಾರಿಯ ಮನಸ್ಸು ತಿರುಗಿದ ಕೂಡಲೇ ಬಿತ್ತು. ಅದೇ ವ್ಯಾಪಾರಕ್ಕೆ ಬಂದ ಈಸ್ಟ್ ಇಂಡಿಯಾ ಕಂಪನಿಯನ್ನು ನೋಡಿ. 1757ರ ಪ್ಲಾಸಿ ಕದನ, 1765ರಲ್ಲಿ ಬಂಗಾಳದ ದಿವಾನಿ. ಅಂದರೆ ಕಂದಾಯ ಎತ್ತುವ ಹಕ್ಕು, ಅಂದರೆ ಅಲ್ಲಿಯೂ ದಫ್ತರ! ವ್ಯಾಪಾರಿಗೆ ಪುಸ್ತಕ ಸಿಕ್ಕ ಮೇಲೆ ರಾಜನಾದ. ಪಾಮರನಿಗೆ ಅದು ಪೂರ್ತಿ ಸಿಗಲಿಲ್ಲ.

ಗದ್ವಾಲದ ಬಗ್ಗೆ ಎರಡು ಮಾತು ಹೇಳದಿದ್ದರೆ ಆ ಕಡೆಯ ಗೆಳೆಯರು ಸಿಟ್ಟಾಗುತ್ತಾರೆ. ಕೃಷ್ಣಾ, ತುಂಗಭದ್ರೆಯ ನಡುವಿನ ಸಂಸ್ಥಾನ ಅದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ 214 ಹಳ್ಳಿ, 864 ಚದರ ಮೈಲಿ. ನಿಜಾಮರಿಗೆ ವರ್ಷವರ್ಷ ಪೇಶ್‌ಕಷ್ ಕಟ್ಟಿ ಒಳಗೆ ತಾವೇ ರಾಜರಾಗಿದ್ದರು. ಒಂದು ಕಾಲದಲ್ಲಿ ತಮ್ಮದೇ ನಾಣ್ಯ ಅಚ್ಚು ಹಾಕಿಸಿದ್ದರು, ರಾಯಚೂರು ಸೀಮೆಯಲ್ಲೂ ಅದು ಓಡಾಡುತ್ತಿತ್ತು. ಪಂಡಿತರಿಗೆ, ಕವಿಗಳಿಗೆ ಸನ್ಮಾನ ಮಾಡಿ ವಿದ್ವದ್ಗದ್ವಾಲ ಎಂಬ ಹೆಸರು ಗಳಿಸಿದರು. ಕೊನೆಯದಾಗಿ ಆಳಿದವರು ರಾಣಿ ಆದಿಲಕ್ಷ್ಮಿ ದೇವಮ್ಮ. ಕವಿಗೆ ಕೊಟ್ಟ ಶಾಲಿನ ಖರ್ಚೂ ರೈತನ ಕಂದಾಯದಿಂದಲೇ ಬರುತ್ತಿತ್ತು ಅನ್ನುವುದು ಬೇರೆ ಮಾತು. ಆದರೂ ಒಳ್ಳೆಯ ಹೆಸರಿಗಾಗಿಯಾದರೂ ಖರ್ಚು ಮಾಡುತ್ತಿದ್ದರಲ್ಲ ಅನ್ನಿಸುತ್ತದೆ.

ಈಗ ನಮ್ಮ ಕಾಲದ ಹತ್ತಿರ ಬರುತ್ತೇನೆ. ನಮ್ಮಲ್ಲಿ ಗಡಿ ಎಂಬ ಮಾತಿಗೆ ಎರಡು ಅರ್ಥ. ಕನ್ನಡದಲ್ಲಿ ರಾಜ್ಯದ ಎಲ್ಲೆ. ತೆಲಂಗಾಣದ ತೆಲುಗಿನಲ್ಲಿ ದೊರೆಯ ಕೋಟೆಯಂಥ ಮನೆ, ನಾವು ವಾಡೆ ಅನ್ನುತ್ತೇವಲ್ಲ, ಅದು. ಆ ಗಡಿಯ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕಿತ್ತು ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಬಿಟ್ಟಿ ಚಾಕರಿ ಇದ್ದೇ ಇತ್ತು. ನಲ್ಗೊಂಡ, ವರಂಗಲ್ ಕಡೆ ಇದು ಸ್ಫೋಟವಾಯಿತು. ವಿಸ್ನೂರು ದೇಶಮುಖನಿಗೆ ಅರುವತ್ತು ಹಳ್ಳಿ, 40 ಸಾವಿರ ಎಕರೆ ಇತ್ತು ಎನ್ನುತ್ತಾರೆ. ಪಾಲಕುರ್ತಿಯಲ್ಲಿ ಅಗಸರ ಹೆಣ್ಣುಮಗಳು ಚಾಕಲಿ ಐಲಮ್ಮ ಕೌಲಿಗೆ ಮಾಡಿದ್ದ ಹೊಲದ ಬೆಳೆಯ ಮೇಲೆ ಅವನ ಕಣ್ಣು ಬಿತ್ತು. ಆಕೆ ಬಿಟ್ಟುಕೊಡಲಿಲ್ಲ. 1946ರ ಜುಲೈ 4ರಂದು ಕಡವೆಂಡಿಯಲ್ಲಿ ಮೆರವಣಿಗೆ ಹೊರಟವರ ಮೇಲೆ ದೇಶಮುಖನ ಮನೆಯಿಂದ ಗುಂಡು ಹಾರಿತು. ದೊಡ್ಡಿ ಕೊಮರಯ್ಯ ಸತ್ತ. ಅಲ್ಲಿಂದ 1951ರವರೆಗೆ ಸಶಸ್ತ್ರ ಹೋರಾಟ. ನಮ್ಮ ಕಡೆ ಅಷ್ಟು ಆಗಲಿಲ್ಲ. ಆದರೆ ಸುದ್ದಿ ಬಂತು, ದೊರೆಗಳಿಗೆ ಹೆದರಿಕೆಯೂ ಬಂತು.

1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ. 1949ರ ಆಗಸ್ಟ್ 15ರಂದು ಜಾಗೀರು ರದ್ದತಿಯ ಕಾಯ್ದೆ. ಕೋಸಗಿ, ಕೊಪ್ಪಳ, ಯಲಬುರ್ಗಾ ಎಲ್ಲ ಸರ್ಕಾರಕ್ಕೆ ಸೇರಿದವು. ಜಾಗೀರದಾರರಿಗೆ ಪರಿಹಾರ. ನಿಜಾಮರಿಗೆ ವರ್ಷಕ್ಕೆ 50 ಲಕ್ಷದ ರಾಜಧನ. ಜಾಗೀರು ಹೋದದ್ದು ದೊಡ್ಡ ಮಾತೇ. ಆದರೆ ಹೋದದ್ದು ಕಂದಾಯ ಎತ್ತುವ ಅಧಿಕಾರ. ಹಿಂದೆಯೇ ಪಟ್ಟಾ ಆಗಿ ಸ್ವಂತವಾಗಿದ್ದ ಭೂಮಿ ಹೋಗಲಿಲ್ಲ. ಅಧಿಕಾರದಿಂದ ಹುಟ್ಟಿದ ಆಸ್ತಿ, ಆ ಅಧಿಕಾರ ಸತ್ತ ಮೇಲೂ ಬದುಕಿತು.

ಅದಕ್ಕೇ 1950ರಲ್ಲಿ ಹೈದರಾಬಾದ್ ಗೇಣಿ ಮತ್ತು ಕೃಷಿ ಭೂಮಿ ಕಾಯ್ದೆ ಬಂತು. ಕಾಯ್ದೆ ಚೆನ್ನಾಗಿತ್ತು. ಇಂತಿಷ್ಟು ವರ್ಷ ಸತತವಾಗಿ ಉಳುತ್ತಾ ಬಂದವರು ರಕ್ಷಿತ ಕೌಲುದಾರರು, ಅವರನ್ನು ಬಿಡಿಸುವಂತಿಲ್ಲ. ಒಂದೇ ಷರತ್ತು, ಅವರ ಹೆಸರು ಪುಸ್ತಕದಲ್ಲಿ ಇರಬೇಕು. ಪುಸ್ತಕ ಯಾರ ಹತ್ತಿರ? ಮತ್ತದೇ ಪಟ್ವಾರಿ. ಅವನು ಯಾರ ವಾಡೆಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದ ಎಂದು ಹೇಳಬೇಕಾಗಿಲ್ಲ. 1950ರ ದಶಕದಲ್ಲಿ ಎ. ಎಂ. ಖುಸ್ರೋ ಎಂಬ ಅರ್ಥಶಾಸ್ತ್ರಜ್ಞರು ಹಳ್ಳಿಹಳ್ಳಿ ತಿರುಗಿ ಅಧ್ಯಯನ ಮಾಡಿದರು. ರಕ್ಷಣೆ ಪಡೆದ ಎಷ್ಟೋ ಕೌಲುದಾರರು ಕೆಲವೇ ವರ್ಷಗಳಲ್ಲಿ ಹೊಲ ಕಳೆದುಕೊಂಡಿದ್ದರು. ಕೆಲವರನ್ನು ಬಿಡಿಸಿದ್ದರು. ಇನ್ನು ಕೆಲವರು ಕಾಗದದ ಪ್ರಕಾರ ತಾವೇ ಸ್ವಖುಷಿಯಿಂದ ಬಿಟ್ಟಿದ್ದರು.

ಆ ಸ್ವಖುಷಿ ಎಂಥದು ಎಂದು ನನಗೆ ಗೊತ್ತು. ನಮ್ಮ ಅಜ್ಜ ಒಂದು ದೊಡ್ಡ ಮನೆಯ ಎಂಟು ಎಕರೆ ಹೊಲವನ್ನು ಪಾಲಿಗೆ ಮಾಡುತ್ತಿದ್ದ. ಅವನ ಅಪ್ಪನೂ ಮಾಡಿದ್ದ. ಜೋಳ, ತೊಗರಿ, ಸಾಲಿಗೊಂದು ಕುಸುಬೆ. ಸುಗ್ಗಿಯಲ್ಲಿ ಕಣದಲ್ಲೇ ಅರ್ಧ ಅಳೆದು ಕೊಡುವುದು, ರಸೀದಿ ಎಂಬುದೇ ಇಲ್ಲ. ಕಾಯ್ದೆ ಬಂದ ಎರಡು ಮೂರು ವರ್ಷಕ್ಕೆ ವಾಡೆಯಿಂದ ಕರೆ ಬಂತು. ಒಂದು ಕಾಗದ ಇಟ್ಟು, ಹೆಬ್ಬೆಟ್ಟು ಒತ್ತು, ನಿನಗೇ ಹೊಲ ಕಾಯಂ ಮಾಡಿಸಲಿಕ್ಕೆ ಅಂದರಂತೆ. ಅಜ್ಜ ಒತ್ತಿದ. ಅದು ರಾಜೀನಾಮೆ. ಕಚೇರಿ ಬಿಡುವವರು ಕೊಡುವ ರಾಜೀನಾಮೆ ಅಲ್ಲ, ಕಂದಾಯದ ಭಾಷೆಯಲ್ಲಿ ಹೊಲ ಬಿಟ್ಟುಕೊಟ್ಟೆ ಎಂಬ ಬರಹ. ಉರ್ದುವಿನಲ್ಲಿತ್ತು. ಮುಂದಿನ ಬಿತ್ತಿಗೆಗೆ ಹೊಲಕ್ಕೆ ಹೋದರೆ ಬೇರೆಯವರು ಕುಂಟೆ ಹೊಡೆಯುತ್ತಿದ್ದರು. ಅಜ್ಜ ಕೋರ್ಟಿಗೆ ಹೋಗಲಿಲ್ಲ. ಹೋಗಬಹುದು ಎಂದು ಅವನಿಗೆ ಹೇಳುವವರೂ ಇರಲಿಲ್ಲ. ಅವನ ದಾವೆಯ ಪ್ರತಿವಾದಿಯೇ ಊರಿನ ಪಂಚ, ಸಾಲಿಗ, ನ್ಯಾಯಗಾರ ಎಲ್ಲ ಆಗಿದ್ದರು. ಆ ಮನೆಯವರ ಹೆಸರು ನಾನಿಲ್ಲಿ ಬರೆಯುವುದಿಲ್ಲ. ಅವರ ಮೊಮ್ಮಕ್ಕಳು ನನ್ನ ಜೊತೆಯೇ ಓದಿದವರು, ಸಿಕ್ಕರೆ ಚಹಾ ಕುಡಿಸುತ್ತಾರೆ.

1956ರಲ್ಲಿ ಗಡಿ, ಅಂದರೆ ಈಗ ಕನ್ನಡದ ಅರ್ಥದ ಗಡಿ, ನಡುವೆ ಬಂತು. ಕೊಡಂಗಲ್ ಆಂಧ್ರ ಪ್ರದೇಶಕ್ಕೆ, ಗುರುಮಠಕಲ್ ಮೈಸೂರು ರಾಜ್ಯಕ್ಕೆ. ಅಜ್ಜನ ತಂಗಿಯನ್ನು ಗುರುಮಠಕಲ್ ಕಡೆ ಕೊಟ್ಟಿದ್ದರು. ಅವರೂ ಪಾಲಿಗೆ ಮಾಡುವವರೇ. ಅಲ್ಲಿ ದೇವರಾಜ ಅರಸರ ಸರ್ಕಾರ ತಂದ ತಿದ್ದುಪಡಿಯಂತೆ 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿಯೇ ಹೋಯಿತು. ಉಳುವವನೇ ಒಡೆಯ ಎಂಬ ಮಾತು ಗೋಡೆಗಳ ಮೇಲೆ ಬಂತು. ಫಾರಂ ನಂಬರ್ 7 ಬರೆದು ಕೊಟ್ಟರೆ ಭೂನ್ಯಾಯ ಮಂಡಳಿ ವಿಚಾರಣೆ ಮಾಡುತ್ತಿತ್ತು. ಪುಸ್ತಕದಲ್ಲಿ ಹೆಸರಿಲ್ಲದಿದ್ದರೂ ಪಕ್ಕದ ಹೊಲದವರು ಬಂದು ಇವನೇ ಉಳುತ್ತಿದ್ದ ಎಂದು ಸಾಕ್ಷಿ ಹೇಳಬಹುದಿತ್ತು. ಎಲ್ಲ ಕಡೆ ನ್ಯಾಯ ಸಿಕ್ಕಿತು ಎಂದು ನಾನು ಹೇಳುವುದಿಲ್ಲ. ಹೈದರಾಬಾದ್ ಕರ್ನಾಟಕದಲ್ಲಿ ಎಷ್ಟೋ ಜನ ಫಾರಂ ಹಾಕಲೇ ಇಲ್ಲ, ಹಾಕಿದವರನ್ನು ಹೆದರಿಸಿದರು. ಆದರೆ ನಮ್ಮ ಅತ್ತೆಯ ಮನೆಯವರಿಗೆ ನಾಲ್ಕು ಎಕರೆ ಸಿಕ್ಕಿತು. ನಮ್ಮ ಈ ಕಡೆ 1973ರಿಂದ ರಕ್ಷಿತ ಕೌಲುದಾರರಿಗೆ 38-ಇ ಕಲಮಿನಲ್ಲಿ ಒಡೆತನದ ಪತ್ರ ಕೊಡಲು ಶುರು ಮಾಡಿದರು. ಅದಕ್ಕೆ ಹಳೆಯ ರಿಜಿಸ್ಟರಿನಲ್ಲಿ ಹೆಸರು ಬೇಕೇ ಬೇಕು. ಅಜ್ಜನ ಹೆಸರಿನ ಎದುರು ರಾಜೀನಾಮೆ ಇತ್ತು. ಅಣ್ಣ ತಂಗಿ ಇಬ್ಬರೂ ಒಂದೇ ಥರದ ಹೊಲ ಉತ್ತವರು. ನಡುವೆ ಇದ್ದದ್ದು ಕೆಲವು ಮೈಲಿ ದಾರಿ ಮತ್ತು ಎರಡು ಥರದ ಪುಸ್ತಕ.

ದೊರೆಗಳು ಏನಾದರು? ಬುದ್ಧಿವಂತರು ಬಲುಬೇಗ ಹೊಸ ದಾರಿ ಹಿಡಿದರು. ವನಪರ್ತಿಯ ರಾಜಾ ರಾಮೇಶ್ವರ ರಾವ್ ಮೊದಲು ರಾಯಭಾರ ಇಲಾಖೆಯಲ್ಲಿದ್ದು, 1957ರಲ್ಲಿ ಮಹಬೂಬನಗರದಿಂದ ಲೋಕಸಭೆಗೆ ಆರಿಸಿ ಬಂದರು, ಮುಂದೆಯೂ ಹಲವು ಸಲ ಗೆದ್ದರು. ಓರಿಯಂಟ್ ಲಾಂಗ್‌ಮನ್ ಪುಸ್ತಕ ಸಂಸ್ಥೆಯನ್ನು ನಡೆಸಿದರು. ಅವರ ಅರಮನೆಯಲ್ಲಿ ಈಗ ಪಾಲಿಟೆಕ್ನಿಕ್ ಇದೆ, ನಮ್ಮ ಎಷ್ಟೋ ಹುಡುಗರು ಅಲ್ಲಿ ಓದಿದ್ದಾರೆ. ಅವರನ್ನು ದೂರಲು ಹೇಳುತ್ತಿಲ್ಲ, ಒಳ್ಳೆಯವರೇ. ಆದರೆ ಕುದುರೆ ಬದಲಾಯಿಸಿದ್ದನ್ನು ಗಮನಿಸಿ. ಮೊದಲು ಅಧಿಕಾರ ಆಸ್ತಿಯಾಯಿತು, ಈಗ ಆಸ್ತಿ, ಓದು, ಹೆಸರು ಎಲ್ಲ ಸೇರಿ ಮತ್ತೆ ಅಧಿಕಾರವಾಯಿತು. ಹುಡುಗನ ಪ್ರಶ್ನೆಯ ಇನ್ನರ್ಧ ಉತ್ತರ ಇದು. ಸಣ್ಣ ಪುಟ್ಟ ಊರುಗಳಲ್ಲೂ ಇದೇ ಆಯಿತು. ಸಹಕಾರ ಸಂಘ, ಪಂಚಾಯಿತಿ, ಸಮಿತಿ, ಎಲ್ಲಿ ನೋಡಿದರೂ ಹಳೆಯ ಮನೆಗಳ ಹೆಸರೇ.

1984ರ ಆರಂಭದಲ್ಲಿ ಎನ್. ಟಿ. ರಾಮರಾವ್ ಸರ್ಕಾರ ಒಂದೇ ಸುಗ್ರೀವಾಜ್ಞೆಯಿಂದ ಪಟೇಲ್-ಪಟ್ವಾರಿ ಹುದ್ದೆಗಳನ್ನು ರದ್ದು ಮಾಡಿತು. ಮರುವರ್ಷ ತಾಲೂಕು ಒಡೆದು ಮಂಡಲಗಳಾದವು, ಮದ್ದೂರೂ ಒಂದು ಮಂಡಲವಾಯಿತು. ಆ ದಿನ ಊರಿನಲ್ಲಿ ಕೆಲವರು ಸಿಹಿ ಹಂಚಿದ್ದು ನನಗೆ ನೆನಪಿದೆ. ಪಟ್ವಾರಿಯ ಮನೆಯಿಂದ ದಫ್ತರಗಳನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ ಗಾಡಿಯಲ್ಲಿ ಒಯ್ದರು. ಎಲ್ಲವೂ ಹೋದವೋ, ಕೆಲವು ಅಟ್ಟದ ಮೇಲೇ ಉಳಿದವೋ, ಊರಿನಲ್ಲಿ ಇನ್ನೂ ಮಾತಿದೆ. ನಮ್ಮ ಪೊಲೀಸ್ ಪಾಟೀಲ ಹುಡುಗನ ಮನೆತನದ ಹುದ್ದೆ ಹೋದದ್ದೂ ಆಗಲೇ. ಅವರ ಮನೆಯಲ್ಲಿ ಪುಸ್ತಕ ಇರಲಿಲ್ಲ, ಬರೀ ಬೆತ್ತ ಇತ್ತು. ಹಾಗಾಗಿ ಉಳಿದದ್ದೂ ಹೆಸರು ಮಾತ್ರ.

ಆಮೇಲಿನ ಪುಸ್ತಕ ಕಂಪ್ಯೂಟರಿನೊಳಗೆ ಹೋಯಿತು. 2020ರ ಸೆಪ್ಟೆಂಬರಿನಲ್ಲಿ ತೆಲಂಗಾಣ ಸರ್ಕಾರ ಗ್ರಾಮ ಕಂದಾಯ ಅಧಿಕಾರಿಗಳ ಹುದ್ದೆ ತೆಗೆಯಿತು. ಅಕ್ಟೋಬರ್ 29ರಂದು ಧರಣಿ ಎಂಬ ಜಾಲತಾಣ ಬಂತು. ಲಂಚ ಹೋಯಿತು ಎಂದು ಕೆಲವರು ಸಂತೋಷಪಟ್ಟರು. ಹಳೆಯ ಪಹಣಿಯಲ್ಲಿ ಪಟ್ಟೇದಾರ ಎಂದು ಒಂದು ಕಾಲಂ, ಅನುಭವದಾರ ಎಂದು ಇನ್ನೊಂದು ಕಾಲಂ ಇರುತ್ತಿತ್ತು. ಯಾರ ಹೆಸರಿಗಿದೆ, ಯಾರು ಉಳುತ್ತಿದ್ದಾರೆ. ಧರಣಿಯಲ್ಲಿ ಎರಡನೆಯ ಕಾಲಂ ಹೋಯಿತು. ಇಷ್ಟು ಸಣ್ಣ ವಿಷಯಕ್ಕೆ ಮಾಸ್ತರ ಯಾಕೆ ತಲೆ ಕೆಡಿಸಿಕೊಂಡಿದ್ದಾನೆ ಅನ್ನಬೇಡಿ. ಕೌಲುದಾರನ ಹೆಸರು ಸರ್ಕಾರದ ಕಾಗದದಲ್ಲಿ ಕಾಣುತ್ತಿದ್ದದ್ದು ಆ ಒಂದೇ ಕಾಲಮಿನಲ್ಲಿ.

2025ರ ಏಪ್ರಿಲ್‌ನಲ್ಲಿ ಧರಣಿಯ ಬದಲು ಭೂಭಾರತಿ ಬಂತು. ಮೊದಲು ಪ್ರಾಯೋಗಿಕವಾಗಿ ನಾಲ್ಕು ಮಂಡಲಗಳಲ್ಲಿ. ಲಿಂಗಂಪೇಟ, ನೇಲಕೊಂಡಪಲ್ಲಿ, ವೆಂಕಟಾಪುರ ಮತ್ತು ನಮ್ಮ ಮದ್ದೂರು! ಇಷ್ಟು ಮಂಡಲಗಳಲ್ಲಿ ಮದ್ದೂರೇ ಯಾಕೆ ಎಂದು ಯಾರೋ ಕೇಳಿದರು. 2023ರಲ್ಲಿ ಮುಖ್ಯಮಂತ್ರಿಯಾದ ರೇವಂತ ರೆಡ್ಡಿಯವರು ಗೆದ್ದದ್ದು ಕೊಡಂಗಲ್ ಕ್ಷೇತ್ರದಿಂದ, ಮದ್ದೂರು ಅದರಲ್ಲೇ ಇದೆ. ಇದಕ್ಕಿಂತ ಹೆಚ್ಚು ನಾನು ಹೇಳುವುದಿಲ್ಲ. ಹಳ್ಳಿಹಳ್ಳಿಯಲ್ಲಿ ಕಂದಾಯ ಸಭೆ ಮಾಡಿದರು. ತಹಸೀಲ್ದಾರರೇ ಶಾಮಿಯಾನದ ಕೆಳಗೆ ಮೇಜು ಹಾಕಿಕೊಂಡು ಕೂತರು. ಮೊದಲ ಸಲ ಪುಸ್ತಕ ನಮ್ಮ ಹತ್ತಿರ ಬಂದಿತ್ತು ಅನ್ನಿ.

ನಾನೂ ಹೋಗಿದ್ದೆ. ಅಜ್ಜನ ಎಂಟು ಎಕರೆಗಲ್ಲ, ಅದು ಮುಗಿದ ಕಥೆ. ಅಪ್ಪ ಎಷ್ಟೋ ವರ್ಷ ಕೂಲಿ ಮಾಡಿ, ಎತ್ತು ಮಾರಿ, 1978ರಲ್ಲಿ ಒಂದೂವರೆ ಎಕರೆ ಕೊಂಡಿದ್ದ. ಬಿಳಿ ಹಾಳೆಯ ಮೇಲೆ ಬರೆಸಿಕೊಂಡದ್ದು. ಇದಕ್ಕೆ ಸಾದಾ ಬೈನಾಮಾ ಅನ್ನುತ್ತಾರೆ. ರಿಜಿಸ್ಟರ್ ಮಾಡಿಸಲು ದುಡ್ಡಿರಲಿಲ್ಲ, ನಂಬಿಕೆ ಇತ್ತು. ಅಂದಿನಿಂದ ನಾವೇ ಉಳುತ್ತಿದ್ದೇವೆ. ಪುಸ್ತಕದಲ್ಲಿ ಮಾರಿದವರ ಮಗನ ಹೆಸರಿದೆ. ರಾಜ್ಯದಲ್ಲಿ ಇಂಥ ಅರ್ಜಿಗಳು ಲಕ್ಷಗಟ್ಟಲೆ ಇವೆ. 2020ರಲ್ಲಿ ನಾವು ಹಾಕಿದ ಅರ್ಜಿ ಹೈಕೋರ್ಟಿನ ತಡೆಯಿಂದ ನಿಂತಿತ್ತು.

ಸಾಲಿನಲ್ಲಿ ನನ್ನ ಮುಂದೆ ಆ ಆಟೋ ಓಡಿಸುವವರು ನಿಂತಿದ್ದರು, ನಮ್ಮ ಹುಡುಗನ ಅಪ್ಪ. ಅವರದೂ ಬಿಳಿ ಹಾಳೆಯೇ, ಮುಕ್ಕಾಲು ಎಕರೆ. ಅರ್ಜಿ ತೆಲುಗಿನಲ್ಲಿತ್ತು. ನೀವು ಬರೆದು ಕೊಡ್ರಿ ಮಾಸ್ತರ, ನಮ್ಮ ಹೆಸರು ಅವರು ತಪ್ಪು ಬರೀತಾರೆ, ಅಂದರು. ಬರೆದು ಕೊಟ್ಟೆ. ಮನೆತನದ ಹೆಸರಿನ ಖಾನೆಗೆ ಬಂದಾಗ ಗುಮಾಸ್ತ ಮೇಲೆ ನೋಡಿ, "ಪೊಲೀಸಾ? ಯಾವ ಠಾಣೆ?" ಎಂದು ಕೇಳಿದ. ಅವರು ಸುಮ್ಮನೆ ನಕ್ಕು, ಹಳೇದು ಸರ್, ಅಂದರು. ಇಬ್ಬರಿಗೂ ರಸೀದಿ ಕೊಟ್ಟರು. ಅಜ್ಜನಿಗೆ ಸಿಗದಿದ್ದದ್ದು ಅದೇ. ಮನೆಗೆ ಬಂದು ಅವ್ವನ ಕೈಯಲ್ಲಿ ಕೊಟ್ಟೆ. ಅವಳು ಅದನ್ನು ಟ್ರಂಕಿನಲ್ಲಿ, ಬಿಳಿ ಹಾಳೆಯ ಜೊತೆಗೆ ಇಟ್ಟು ಬೀಗ ಹಾಕಿದಳು.